ಖಾಸಗಿ ಶಾಲೆಗೆ ಸೇರಿಸುವ ಮುಂಚೆ ಇಷ್ಟು ನೋಡಿ
ಮೊದಲು ಮಗು ದಿನಾ ಸುಸ್ತಾಗದೆ ಹೋಗಿ ಬರಬಹುದಾದ ದೂರದ ಶಾಲೆಗಳನ್ನಷ್ಟೇ ಬರೆದಿಟ್ಟುಕೊಳ್ಳಿ. ಮಾನ್ಯತೆ ಇದೆಯಾ ಅಂತ ಶಾಲೆಯವರನ್ನು ಕೇಳಿ ಸುಮ್ಮನಾಗಬೇಡಿ, ಮಾನ್ಯತೆ ಕೊಡುವವರ ಪಟ್ಟಿಯಲ್ಲೇ ಹುಡುಕಿ. ಉದಾಹರಣೆಗೆ, 1968ರಲ್ಲಿ ಜಿನೀವಾದಲ್ಲಿ ಶುರುವಾದ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್, ಅಂತರರಾಷ್ಟ್ರೀಯ ಪಠ್ಯಕ್ರಮದ ಸಂಸ್ಥೆ) ತನ್ನ ಶಾಲೆಗಳ ಪಟ್ಟಿಯನ್ನು ವೆಬ್‌ಸೈಟಿನಲ್ಲೇ ಇಟ್ಟಿದೆ. 'ಕ್ಯಾಂಡಿಡೇಟ್ ಸ್ಕೂಲ್' ಅಂತಿದ್ದರೆ ಇನ್ನೂ ಅನುಮತಿ ಸಿಕ್ಕಿಲ್ಲ ಅಂತಲೇ ಅರ್ಥ.

ಫೀಸಿನ ವಿಷಯದಲ್ಲಿ ಬಾಯಿಮಾತು ಸಾಲದು. ಬಸ್ಸು, ಪುಸ್ತಕ, ಯೂನಿಫಾರ್ಮ್, ಪರೀಕ್ಷೆ ಎಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತದೆ, ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಕೊಡುತ್ತಾರೆ, ಎಲ್ಲವನ್ನೂ ಬರೆದುಕೊಡಿ ಅಂತ ಕೇಳಿ.

ಪೋಷಕರನ್ನು ಕರೆದು ಶಾಲೆ ತೋರಿಸುವ ಓಪನ್ ಡೇ ದಿನ ಎಲ್ಲ ಶಾಲೆಯೂ ಚೆನ್ನಾಗೇ ಕಾಣುತ್ತದೆ, ಅಲ್ವಾ? ಮಾಮೂಲಿ ದಿನವೊಂದರಲ್ಲಿ ಹೋಗಿ. ನನಗೆ ಕಟ್ಟಡಕ್ಕಿಂತ ಜಾಸ್ತಿ ಮುಖ್ಯ ಅನಿಸುವುದು ಒಂದೇ ಪ್ರಶ್ನೆ: ಕಳೆದ ವರ್ಷ ಎಷ್ಟು ಟೀಚರ್‌ಗಳು ಕೆಲಸ ಬಿಟ್ಟರು? ಉತ್ತರ ಹೇಳಲು ತಡವರಿಸಿದರೆ ಪಟ್ಟಿಯ ಮುಂದಿನ ಶಾಲೆ ನೋಡಿ.