ಅತ್ತಿ ಗೂಟ ನೆಟ್ಟ ಮೇಲೆ

2019ರ ಆಗಸ್ಟ್‌ನಲ್ಲಿ, ಆಶ್ಲೇಷಾ ಮಳೆಗೆ, ನಮ್ಮ ಮೂಡಿಗೆರೆ ಸೀಮೆಯ ಗುಡ್ಡಗಳು ಜಾರಿ ಬಂದವು. ಮನೆ, ಗದ್ದೆ, ಕಾಫಿ ತೋಟ ಮಣ್ಣಿನಡಿ ಹೋದವು. ನಮ್ಮ ತೋಟಕ್ಕೆ ಏನೂ ಆಗಲಿಲ್ಲ. ಆದರೆ ಆಮೇಲೆ ಮಳೆ ಜೋರಾದರೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ಕಾಫಿ ಹೂ ಅರಳಿಸುವ ಹೂಮಳೆ ಹಿಂದೆಮುಂದೆ ಆಗುವುದು, ಕೊಯ್ಲಿನ ಹೊತ್ತಿಗೆ ಮಳೆ ಹಿಡಿದು ಕಣದಲ್ಲಿ ಕಾಫಿ ಒಣಗದೇ ಇರುವುದು, ಎಲ್ಲ ನೋಡಿ ನೋಡಿ ‘ಇನ್ನು ಏನು ಮಾಡಿ ಏನು ಬಂತು’ ಅನ್ನಿಸುತ್ತಿತ್ತು.

ಆ ಬೇಸರದಿಂದ ನನ್ನನ್ನು ಎಬ್ಬಿಸಿದ್ದು ಹಳ್ಳದ ದಂಡೆಯ ಒಂದು ಹಳೇ ಅತ್ತಿ ಮರ. ಮರಗಸಿ ಮಾಡಲು, ಅಂದರೆ ನೆರಳಿನ ಮರಗಳ ಕೊಂಬೆ ಸವರಲು, ಬಂದಿದ್ದ ಅಜ್ಜ ಅದರ ಕೊಂಬೆ ತೋರಿಸಿ, “ಅಮ್ಮಾ, ಇದನ್ನ ಸೌದೆಗೆ ಹಾಕ್ಬೇಡಿ, ಗೂಟ ನೆಡಿ, ಚಿಗುರುತ್ತೆ” ಅಂದರು. ಹೇಗೆ ಅಂತಲೂ ಅವರೇ ಕಲಿಸಿದರು. ತೋಳು ದಪ್ಪದ, ಆಳುದ್ದದ ಕೊಂಬೆ ಬೇಕು. ಬುಡವನ್ನು ಓರೆಯಾಗಿ ಕಡಿಯಬೇಕು. ಮೇಲಿನ ಕಡಿತಕ್ಕೆ ಸಗಣಿ ಮೆತ್ತಬೇಕು, ಇಲ್ಲದಿದ್ದರೆ ಒಣಗುತ್ತದೆ. ಮುಂಗಾರು ಬಲಿಯುವ ಮೊದಲು ಗುಂಡಿಗಿಳಿಸಿ ಮಣ್ಣನ್ನು ಗಟ್ಟಿಯಾಗಿ ತುಳಿಯಬೇಕು. ಬಸರಿ, ಗೋಣಿಯೂ ಹೀಗೇ ಬರುತ್ತವೆ. ದಂಡೆಯಲ್ಲಿದ್ದ ಸಿಲ್ವರ್ ಓಕ್ ಒಂದೊಂದೇ ತೆಗೆಸಿ, ಆ ಜಾಗದಲ್ಲಿ ಇವನ್ನು ನೆಡುತ್ತಾ ಬಂದೆ. ಸಿಲ್ವರ್ ಓಕ್ ನೆಟ್ಟಗೆ ಬೆಳೆಯುತ್ತದೆ, ಮೆಣಸು ಹಬ್ಬಿಸಲು ಚೆನ್ನಾಗಿದೆ, ಬೇಡ ಅನ್ನುವುದಿಲ್ಲ. ಆದರೆ ನಮ್ಮ ಹಕ್ಕಿಗಳಿಗೆ ತಿನ್ನಲು ಅದರಲ್ಲಿ ಹಣ್ಣಿಲ್ಲ.

ನೆಡುವಷ್ಟೇ ಮುಖ್ಯವಾಗಿ ನಾನು ಮಾಡಿದ್ದು ನೋಡುವ ಕೆಲಸ. ಬೆಳಗ್ಗೆ ಫೋನ್ ಮನೆಯಲ್ಲೇ ಬಿಟ್ಟು ಹಳ್ಳಕ್ಕೆ ಇಳಿಯುವುದು, ಬಂದು ಕಂಡದ್ದನ್ನು ಬರೆದಿಡುವುದು. ಅತ್ತಿ ಹಣ್ಣು ಬಿಚ್ಚಿದರೆ ಹುಳ ಅಂತ ನಾವು ಎಸೆಯುತ್ತೇವೆ ಅಲ್ವಾ? ಒಂದು ಕಾಯಿ ಸೀಳಿ ಸುಮ್ನೆ ಕೂತು ನೋಡಿ. ಒಳಗೆ ಗೋಡೆ ತುಂಬಾ ಹೂವು. ಹೊರಗೆ ಕಾಣದ ಆ ಹೂವುಗಳಿಗೆ ಪರಾಗ ತರುವುದು ಸಾಸಿವೆಯಷ್ಟು ಸಣ್ಣ ಕಣಜ. ಹೆಣ್ಣು ಕಣಜ ಕಾಯಿಯ ತುದಿಯ ಕಿರಿದಾದ ಬಾಯಿಂದ ನುಸುಳುತ್ತದೆ. ಎಷ್ಟು ಇಕ್ಕಟ್ಟೆಂದರೆ ಎಷ್ಟೋ ಸಲ ರೆಕ್ಕೆ ಅಲ್ಲೇ ಮುರಿಯುತ್ತದೆ. ಮೊಟ್ಟೆಯಿಟ್ಟು ಒಳಗೇ ಸಾಯುತ್ತದೆ. ಅಲ್ಲೇ ಹುಟ್ಟಿದ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ದಾರಿ ಕೊರೆಯುತ್ತವೆ, ಹೆಣ್ಣುಗಳು ಪರಾಗ ಹೊತ್ತು ಹಾರಿಹೋಗುತ್ತವೆ. ಇಷ್ಟೆಲ್ಲ ನನ್ನ ಅಂಗೈ ಮೇಲಿನ ಒಂದು ಕಾಯಿಯಲ್ಲಿ! ಅವತ್ತು ನನಗೆ ಅಳು ಬಂತು. ಬೇಸರದ್ದಲ್ಲ.

ಈ ಗೂಟಗಳು ಘಟ್ಟವನ್ನು ಉಳಿಸುತ್ತವೆ ಅಂತ ನಾನು ಹೇಳುವುದಿಲ್ಲ. ನೀರು ಕುಡಿದ ಮಣ್ಣು ಜಾರಿದರೆ ಮರವೂ ಜೊತೆಗೇ ಹೋಗುತ್ತದೆ, ಕಣ್ಣಾರೆ ಕಂಡಿದ್ದೇವೆ. ಆದರೆ ಗೆಲ್ಲುತ್ತೇವೆ ಅಂತ ಗೊತ್ತಾದ ಮೇಲೆ ಪ್ರೀತಿ ಮಾಡುವುದು ಎಲ್ಲಿಯಾದರೂ ಇದೆಯಾ? ಕುದುರೆಮುಖದ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ನಿಂತಿತು. ಸುಪ್ರೀಂ ಕೋರ್ಟ್ ಆದೇಶ ಬರುವುದಕ್ಕೆ ಎಷ್ಟೋ ಮೊದಲೇ ಆ ಬೆಟ್ಟಕ್ಕಾಗಿ ದನಿ ಎತ್ತಿದ ಜನ ಇದ್ದರು. ಅವರಿಗೂ ಯಾರೂ ಭರವಸೆ ಕೊಟ್ಟಿರಲಿಲ್ಲ.

ಹಳೇ ಮರ ಹಣ್ಣು ಬಿಟ್ಟಾಗ ಮಂಗಟ್ಟೆ, ಕುಟ್ರುಹಕ್ಕಿಗಳ ಗಲಾಟೆ ಮನೆವರೆಗೂ ಕೇಳುತ್ತದೆ. ಜೋರು ಮಳೆಗೆ ಈಗಲೂ ಭಯ ಆಗುತ್ತದೆ. ಬೆಳಕು ಹರಿದ ಕೂಡಲೇ ಗೂಟಗಳು ನಿಂತಿವೆಯಾ ಅಂತ ನೋಡಲು ಓಡುತ್ತೇನೆ. ಪಕ್ಕದ ತೋಟದ ಅಕ್ಕನೂ ಈ ಸಲ ಗೂಟ ಕೇಳಿದ್ದಾರೆ. ರೋಹಿಣಿ ಮಳೆ ಹಿಡಿಯುವ ಹೊತ್ತಿಗೆ ಕಡಿದು ಕೊಡಬೇಕು.