ಆನೆ ಸಾಕಿದವರಿಗೆ ಮೇವಿನ ಲೆಕ್ಕ: ಭಾರಿ ಕಾರಿನ ಮೈಲೇಜ್ ಹೆಚ್ಚಿಸುವುದು ಹೇಗೆ?

ನಮ್ಮ ಭಾವ ಬೆಂಗಳೂರಿನ ವಿಜಯನಗರದಿಂದ ನಾಗವಾರದ ಕಚೇರಿಗೆ ಹೋಗಿಬರುವುದು ಎರಡು ಟನ್ನಿಗೂ ಮಿಕ್ಕಿ ತೂಗುವ ಡೀಸೆಲ್ ಎಸ್‌ಯುವಿಯಲ್ಲಿ. ಮೈಲೇಜ್ ಎಷ್ಟು ಎಂದು ಯಾರಾದರೂ ಕೇಳಿದರೆ ‘ಹನ್ನೆರಡಕ್ಕೆ ಮೋಸವಿಲ್ಲ’ ಎನ್ನುತ್ತಿದ್ದರು. ಪಕ್ಕದಲ್ಲಿದ್ದ ಅಕ್ಕ ನಗುತ್ತಿದ್ದಳು. ಬಂಕ್‌ನ ಬಿಲ್ ಹೋಗುತ್ತಿದ್ದುದು ಅವಳ ಕಾರ್ಡಿನಿಂದ. ಕೊನೆಗೊಂದು ದಿನ ಕೂತು ಅಳೆದೆವು: ಒಂಬತ್ತು ಚಿಲ್ಲರೆ.

ಹಾಗಾಗಿ ಮೊದಲ ಹೆಜ್ಜೆ ಅಳತೆ. ಬಂಕ್‌ನಲ್ಲಿ ನಾಜಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ, ಅಲ್ಲಿಗೇ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಕ್ಕಾಲು ಟ್ಯಾಂಕ್ ಖಾಲಿಯಾದ ಮೇಲೆ ಅದೇ ಬಂಕ್‌ನಲ್ಲಿ, ಸಾಧ್ಯವಾದರೆ ಅದೇ ಪಂಪ್‌ನಲ್ಲಿ, ಮತ್ತೆ ಕಟ್ ಆಗುವವರೆಗೆ ತುಂಬಿಸಿ. 420 ಕಿ.ಮೀ. ಓಡಿದ್ದಕ್ಕೆ 45 ಲೀಟರ್ ಹಿಡಿದರೆ ಮೈಲೇಜ್ 9.3. ಡ್ಯಾಶ್‌ಬೋರ್ಡ್ ತೋರಿಸುವ ಅಂಕಿ ಅಂದಾಜು ಮಾತ್ರ. ಕಂಪನಿ ಹೇಳುವ ಅಂಕಿ ಪ್ರಯೋಗಾಲಯದ ಉರುಳೆಗಳ ಮೇಲೆ ಓಡಿಸಿ ಪಡೆದದ್ದು. ಆ ಉರುಳೆಗಳ ದಾರಿಯಲ್ಲಿ ಗಾಡಿಗಳು ಕಿಕ್ಕಿರಿದ ಗೊರಗುಂಟೆಪಾಳ್ಯ ಜಂಕ್ಷನ್ ಬರುವುದಿಲ್ಲ.

ಡೀಸೆಲ್ ಸೋರುವುದು ಬ್ರೇಕ್‌ನಲ್ಲಿ

ಎಲ್ಲರೂ ಆಕ್ಸಿಲರೇಟರ್ ಮೇಲೆ ಗೂಬೆ ಕೂರಿಸುತ್ತಾರೆ. ಭಾರಿ ಕಾರಿನ ಮಟ್ಟಿಗೆ ನನ್ನ ದೂರು ಇರುವುದು ಬ್ರೇಕ್ ಮೇಲೆ. 2,200 ಕೆ.ಜಿ. ತೂಕವನ್ನು ನಿಂತಲ್ಲಿಂದ ಗಂಟೆಗೆ 60 ಕಿ.ಮೀ. ವೇಗಕ್ಕೆ ತರಲು ಸುಮಾರು 300 ಕಿಲೋಜೌಲ್ ಶಕ್ತಿ ಬೇಕು. ಸುಟ್ಟ ಡೀಸೆಲ್‌ನ ಬಹುಪಾಲು ಬಿಸಿಯಾಗಿಯೇ ಕಳೆದುಹೋಗುತ್ತದೆ. ಚಕ್ರಕ್ಕೆ ಮುಟ್ಟುವುದು ಮೂರನೇ ಒಂದಕ್ಕಿಂತ ಕಡಿಮೆ. ಲೆಕ್ಕ ಹಾಕಿದರೆ ಆ ಒಂದು ಓಟಕ್ಕೆ ಸುಮಾರು 30 ಮಿ.ಲೀ. ಬೇಕು, ಕೆಮ್ಮಿನ ಸಿರಪ್‌ನ ಮೂರು ಮುಚ್ಚಳದಷ್ಟು. ಮುಂದಿನ ಸಿಗ್ನಲ್‌ನಲ್ಲಿ ಬ್ರೇಕ್ ಒತ್ತಿದೊಡನೆ ಚಕ್ರಕ್ಕೆ ಮುಟ್ಟಿದ ಶಕ್ತಿಯೂ ಡಿಸ್ಕ್‌ನ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ದಾರಿಯಲ್ಲಿ ಮೂವತ್ತು ಸಲ ಹೀಗೆ ಮಾಡಿದರೆ ಹತ್ತಿರಹತ್ತಿರ ಒಂದು ಲೀಟರ್.

ವೇಗ 40ಕ್ಕೆ ಇಳಿದರೆ ಈ ನಷ್ಟ ಅರ್ಧಕ್ಕಿಂತ ಕೆಳಗೆ ಬರುತ್ತದೆ. ವೇಗ ಒಂದೂವರೆ ಪಟ್ಟಾದಾಗ ಶಕ್ತಿ ಎರಡೂಕಾಲು ಪಟ್ಟಾಗುವುದೇ ಇದಕ್ಕೆ ಕಾರಣ. ಎರಡು ಸಿಗ್ನಲ್‌ಗಳ ನಡುವಿನ ಮುನ್ನೂರು ಮೀಟರ್‌ಗೆ 60 ಮುಟ್ಟುವವರು ಹೋಗಿ ನಿಲ್ಲುವುದು ಅದೇ ಕೆಂಪು ದೀಪದ ಕೆಳಗೆ.

ಮಾಡಬೇಕಾದದ್ದು ಇಷ್ಟು. ಎಸ್‌ಯುವಿಯ ಸೀಟು ಎತ್ತರದಲ್ಲಿದೆ, ಆ ಎತ್ತರಕ್ಕೂ ಸೇರಿಸಿಯೇ ದುಡ್ಡು ಕೊಟ್ಟಿದ್ದೀರಿ. ಮುಂದಿನ ಕಾರಿನ ಬೆನ್ನನ್ನೇ ನೋಡುವ ಬದಲು ಅದರಾಚೆಯ ಮೂರನೆಯ, ನಾಲ್ಕನೆಯ ಗಾಡಿಯ ಬ್ರೇಕ್ ದೀಪ ನೋಡಿ. ಅದು ಹೊತ್ತಿಕೊಂಡ ಕ್ಷಣ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಬ್ರೇಕ್ ಮುಟ್ಟುವ ಹೊತ್ತಿಗೆ ವೇಗ ತಾನಾಗಿ ಅರ್ಧ ಇಳಿದಿರುತ್ತದೆ. ಹಾಗೆ ಅಂತರ ಬಿಟ್ಟರೆ ಆಟೊ ನುಗ್ಗುತ್ತದೆ ಎಂಬುದು ಭಾವನ ಆಕ್ಷೇಪ. ನುಗ್ಗಲಿ. ನಾಗವಾರದವರೆಗೆ ಹತ್ತು ಆಟೊ ನುಗ್ಗಿದರೂ ಕಳೆಯುವುದು ಒಂದೆರಡು ನಿಮಿಷ.

ಹಾಗೆಂದು ತೆವಳಬೇಡಿ

ದೊಡ್ಡ ಎಂಜಿನ್ ಕೊಂಡವರು ಮೈಲೇಜ್ ಆಸೆಗೆ ಎತ್ತಿನ ಗಾಡಿಯಂತೆ ಹೊರಡುವುದುಂಟು. ಅದರ ಅಗತ್ಯವಿಲ್ಲ. ಟರ್ಬೊ ಡೀಸೆಲ್‌ನ ಬಲವಿರುವುದು ಕೆಳಗಿನ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಕಡಿಮೆ ಸುತ್ತು ತಿರುಗುವಾಗ. ಫಾರ್ಚುನರ್‌ನ 2.8 ಲೀಟರ್ ಎಂಜಿನ್ ಆಟೊಮ್ಯಾಟಿಕ್ ಮಾದರಿಯಲ್ಲಿ 1,600ರಿಂದ 2,800 ಆರ್‌ಪಿಎಂ ನಡುವೆಯೇ ತನ್ನ 500 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಮುಳ್ಳು ಎರಡು ಸಾವಿರದ ಆಸುಪಾಸಿನಲ್ಲಿರುವಂತೆ ಹದವಾಗಿ ವೇಗ ಹೆಚ್ಚಿಸಿ, ಬೇಗ ಮೇಲಿನ ಗೇರ್‌ಗೆ ಹೋಗಿ, ಬೇಕಾದ ವೇಗ ಬಂದ ಮೇಲೆ ಕಾಲು ಸಡಿಲಿಸಿ. ಆಟೊಮ್ಯಾಟಿಕ್ ಆಗಿದ್ದರೆ ಕಾಲನ್ನು ತುಸು ಎತ್ತಿದರೆ ಸಾಕು, ಗೇರ್ ತಾನೇ ಬದಲಾಗುತ್ತದೆ. ಟಾರು ರಸ್ತೆಯಲ್ಲಿ ನಾಲ್ಕು ಚಕ್ರದ ಮೋಡ್ ಬೇಡ, ಎರಡೇ ಚಕ್ರಕ್ಕೆ ಬಲ ಕೊಡುವ 2ಎಚ್‌ನಲ್ಲೇ ಇರಲಿ.

ಇನ್ನೊಂದು ಹಳೆಯ ಚಟ, ಇಳಿಜಾರಿನಲ್ಲಿ ನ್ಯೂಟ್ರಲ್. ಕಾರ್ಬ್ಯುರೇಟರ್ ಕಾಲದಲ್ಲಿ ಅದಕ್ಕೊಂದು ಅರ್ಥವಿತ್ತು. ಈಗಿನ ಎಂಜಿನ್‌ಗಳಲ್ಲಿ ಗಾಡಿ ಗೇರ್‌ನಲ್ಲಿರುವಾಗ ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರೈಕೆ ಬಹುತೇಕ ನಿಂತೇಹೋಗುತ್ತದೆ. ಚಕ್ರಗಳೇ ಎಂಜಿನ್ ತಿರುಗಿಸುತ್ತವೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ಇಂಧನ ಕೊಡಲೇಬೇಕು. ನಂದಿ ಬೆಟ್ಟದಿಂದ ಎರಡು ಟನ್ನಿನ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಇಳಿಸುವವರಿಗೆ ಉಳಿತಾಯವೂ ಇಲ್ಲ, ಬ್ರೇಕ್ ಕಾದು ಹಿಡಿತ ತಪ್ಪುವ ಅಪಾಯ ಬೇರೆ.

ನಿಂತಲ್ಲೇ ಉರಿಯುವುದು

ಎ.ಸಿ. ಹಾಕಿಕೊಂಡು ನಿಂತ ದೊಡ್ಡ ಡೀಸೆಲ್ ಎಂಜಿನ್ ಗಂಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಕುಡಿಯುತ್ತದೆ. ಸಿಗ್ನಲ್ ಟೈಮರ್ ಅರವತ್ತಕ್ಕಿಂತ ಮೇಲೆ ತೋರಿಸುತ್ತಿದ್ದರೆ ಎಂಜಿನ್ ಆರಿಸಿ. ಶಾಲೆಯ ಮುಂದೆ ಮಕ್ಕಳಿಗಾಗಿ ಅರ್ಧ ಗಂಟೆ ಕಾಯುವವರಿಗೆ ಇದನ್ನು ಎರಡು ಸಲ ಹೇಳಬೇಕು.

ಬಿಎಸ್6 ಡೀಸೆಲ್ ಕಾರಿನವರಿಗೆ ಒಂದು ಪ್ರತ್ಯೇಕ ಮಾತು. ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಎಂಬ ಜರಡಿ ಇವುಗಳಲ್ಲಿದೆ. ದಿನವೂ ಟ್ರಾಫಿಕ್‌ನಲ್ಲಿ ತೆವಳಿದರೆ ಅದು ಬೇಗ ಕಟ್ಟಿಕೊಳ್ಳುತ್ತದೆ, ಆ ಮಸಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಸುರಿಯುತ್ತದೆ. ಕಾರಣ ತಿಳಿಯದೆ ಮೈಲೇಜ್ ಬಿತ್ತೆಂದರೆ ಮೊದಲ ಅನುಮಾನ ಇದರ ಮೇಲಿರಲಿ. ವಾರಕ್ಕೊಮ್ಮೆ ಬಳ್ಳಾರಿ ರಸ್ತೆಯಲ್ಲೋ ತುಮಕೂರು ರಸ್ತೆಯಲ್ಲೋ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸಿದರೆ ಜರಡಿ ಸ್ವಚ್ಛವಾಗುತ್ತದೆ. ಸುಡುವ ಕೆಲಸ ನಡೆಯುತ್ತಿರುವಾಗ ಮಾತ್ರ ಎಂಜಿನ್ ಆರಿಸಬೇಡಿ.

ಉಳಿದವು ಚಿಕ್ಕ ಕೆಲಸಗಳು. ಟೈರಿನ ಗಾಳಿ ಬೆಳಿಗ್ಗೆ, ಟೈರ್ ತಣ್ಣಗಿರುವಾಗ ನೋಡಬೇಕು. ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿ ಅಂಟಿಸಿರುತ್ತದೆ. ಖಾಲಿ ರೂಫ್ ಕ್ಯಾರಿಯರ್ ಬಿಚ್ಚಿಡಿ. ಡಿಕ್ಕಿಯ ಸಾಮಾನು ಇಳಿಸಿ ಎಂದು ಎಲ್ಲರೂ ಉಪದೇಶಿಸುತ್ತಾರೆ. ಸಣ್ಣ ಕಾರಿಗೆ ಅದು ಸರಿ, ಆನೆಯ ಮೇಲಿಂದ ಇಪ್ಪತ್ತು ಕೆ.ಜಿ. ಇಳಿಸಿದರೆ ಆಗುವುದೇನು?

ಹೆದ್ದಾರಿಯಲ್ಲಿ ಲೆಕ್ಕವೇ ಬೇರೆ. ಅಲ್ಲಿ ತೂಕಕ್ಕಿಂತ ಕಾಡುವುದು ಬೀರುವಿನಂತೆ ನೆಟ್ಟಗೆ ನಿಂತ ಗಾಡಿಯ ಮುಖ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 80ರಿಂದ 100ಕ್ಕೆ ಹೋದರೆ ಅದು ಶೇ 56 ಹೆಚ್ಚುತ್ತದೆ. ಮೈಸೂರಿಗೆ ಹೋಗುವಾಗ ಕ್ರೂಸ್ ಕಂಟ್ರೋಲ್ ಅನ್ನು 85ಕ್ಕೆ ಇಟ್ಟು ನೋಡಿ. ಅಂದಹಾಗೆ, ಮೈಸೂರು ಬೆಂಗಳೂರಿಗಿಂತ ಸುಮಾರು 150 ಮೀಟರ್ ತಗ್ಗಿನಲ್ಲಿದೆ. ಹೋಗುವಾಗಿನ ಮೈಲೇಜ್ ಹೇಳಿ ಬೀಗುವವರನ್ನು ಬರುವಾಗ ಎಷ್ಟು ಬಂತೆಂದೂ ಕೇಳಿ.

ಭಾವನ ಮೂರನೆಯ ಟ್ಯಾಂಕ್‌ಗೆ ಬಂದದ್ದು 10.9. ಯಾರಾದರೂ ಕೇಳಿದರೆ ಅವರು ಈಗಲೂ ಹನ್ನೆರಡು ಎಂದೇ ಹೇಳುತ್ತಾರೆ.