ಒಂದು ಕುದುರೆ ದಳದ ಬೆನ್ನು ಹತ್ತಿ: 19ನೇ ಲೈಟ್ ಡ್ರಾಗೂನ್ಸ್

ಮಳವಳ್ಳಿ ಸೀಮೆಯವರಿಗೆ 1799ರ ಮಾರ್ಚ್ 27 ಹೊಸ ತಾರೀಖಲ್ಲ. ಶ್ರೀರಂಗಪಟ್ಟಣದ ಕಡೆ ಹೊರಟಿದ್ದ ಇಂಗ್ಲಿಷರ ಜನರಲ್ ಹ್ಯಾರಿಸ್‌ನ ದಂಡನ್ನು ಟಿಪ್ಪು ತಡೆದದ್ದು ಅಲ್ಲೇ. ಅವತ್ತು ಇಂಗ್ಲಿಷರ ಕುದುರೆ ಸೇನೆಯ ಮುಖ್ಯಸ್ಥ ಫ್ಲಾಯ್ಡ್‌ನ ಕೈಕೆಳಗೆ ಟಿಪ್ಪುವಿನ ಕಾಲಾಳುಗಳ ಮೇಲೆ ನುಗ್ಗಿದ ರಾವುತರು ಯಾರು, ಎಲ್ಲಿಂದ ಬಂದವರು, ಆಮೇಲೆ ಏನಾದರು? ಸ್ಥಳೀಯ ಇತಿಹಾಸ ಬರೆಯುವ ನನ್ನನ್ನು ಬಹಳ ಕಾಲ ಕಾಡಿದ ಪ್ರಶ್ನೆ ಇದು. ಅವರಲ್ಲಿದ್ದ 19ನೇ ಲೈಟ್ ಡ್ರಾಗೂನ್ಸ್ ಎಂಬ ಬ್ರಿಟಿಷ್ ಹಗುರ ಕುದುರೆ ದಳದ ಹಿಂದೆ ಬಿದ್ದೆ.

ಬ್ರಿಟಿಷ್ ಕುದುರೆ ದಳದ ಚರಿತ್ರೆಗೆ ಕೈಹಾಕುವವರು ಮೊದಲು ಅದರ ವಂಶವೃಕ್ಷ ಬರೆದಿಟ್ಟುಕೊಳ್ಳಬೇಕು. ಇಲ್ಲದಿದ್ದರೆ ಅಂಕಿಗಳಲ್ಲೇ ದಾರಿ ತಪ್ಪುತ್ತದೆ. ಈ ದಳ 1781ರಲ್ಲಿ ಹುಟ್ಟಿದಾಗ ಅದರ ಸಂಖ್ಯೆ 23. ಮರುವರ್ಷ ಮದ್ರಾಸಿಗೆ ಬಂದಿಳಿಯಿತು. ಇಂಗ್ಲೆಂಡಿನ ರಾಜನ ಸೇನೆಯಿಂದ ಭಾರತಕ್ಕೆ ಬಂದ ಮೊದಲ ಕುದುರೆ ದಳ ಇದೇ. 1786ರಲ್ಲಿ 19 ಆಯಿತು, 1821ರಲ್ಲಿ ವಿಸರ್ಜನೆಯಾಯಿತು. ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ 1858ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಬಂಗಾಳದಲ್ಲಿ ಕಟ್ಟಿದ ಯುರೋಪಿಯನ್ ಕುದುರೆ ದಳವೊಂದು ರಾಣಿಯ ಸೇನೆಗೆ ಸೇರಿ 19ನೇ ಹುಸಾರ್ಸ್ (ಇದೂ ಹಗುರ ಕುದುರೆ ದಳದ ಹೆಸರೇ) ಎನಿಸಿಕೊಂಡಿತು. ಹಳೆಯ ಸಂಖ್ಯೆಯ ಜೊತೆಗೆ ಹಳೆಯ ದಳದ ಯುದ್ಧಗೌರವಗಳೂ (ಹೋರಾಡಿದ ಕಾಳಗಗಳ ಹೆಸರು ಧರಿಸುವ ಹಕ್ಕು) ಕಾಲಕ್ರಮದಲ್ಲಿ ಅದಕ್ಕೇ ಬಂದವು. 1922ರಲ್ಲಿ ಅದು 15ನೇ ಹುಸಾರ್ಸ್ ಜೊತೆ ಕೂಡಿತು. 1992ರಲ್ಲಿ ಇನ್ನೊಂದು ವಿಲೀನವಾಗಿ ಇಂದಿನ ಲೈಟ್ ಡ್ರಾಗೂನ್ಸ್ ಆಯಿತು. ಮೊದಲ ದಳಕ್ಕೂ ಎರಡನೆಯದಕ್ಕೂ ನೇರ ಸಂಬಂಧವಿಲ್ಲ. ಮನೆತನದ ಹೆಸರು ಉಳಿಯಲೆಂದು ದತ್ತು ತೆಗೆದುಕೊಂಡ ಹಾಗೆ. ನನಗೆ ಇದು ಸುಳ್ಳು ಪರಂಪರೆ ಅನ್ನಿಸುವುದಿಲ್ಲ. ಸತ್ತವರ ಲೆಕ್ಕ ಇಡುವವರು ಯಾರಾದರೂ ಬೇಕಲ್ಲ.

ಆ ಪರಂಪರೆಯ ದೊಡ್ಡ ಗುರುತು ಆನೆ. 1803ರ ಸೆಪ್ಟೆಂಬರ್ 23ರಂದು, ಈಗಿನ ಜಾಲ್ನಾ ಜಿಲ್ಲೆಯ ಅಸ್ಸಾಯೆಯಲ್ಲಿ, ಮರಾಠರ ತೋಪುಗಳ ಬಾಯಿಗೆ ಸಿಕ್ಕಿ ನಲುಗುತ್ತಿದ್ದ 74ನೇ ಪದಾತಿ ದಳವನ್ನು ಈ ರಾವುತರು ಮದ್ರಾಸ್ ಕುದುರೆ ದಳಗಳೊಂದಿಗೆ ನುಗ್ಗಿ ಉಳಿಸಿದರು. ಅವರನ್ನು ನಡೆಸಿದ ಕರ್ನಲ್ ಮ್ಯಾಕ್ಸ್‌ವೆಲ್ ಅಂದೇ ಸತ್ತ. ಕಂಪನಿ ಮೆಚ್ಚಿ ಗೌರವದ ಧ್ವಜ ಕೊಟ್ಟಿತು. ಅಸ್ಸಾಯೆಯ ನೆನಪಿನ ಆನೆಯ ಚಿಹ್ನೆ ಮುಂದೆ ಹುಸಾರ್ಸ್ ಬ್ಯಾಡ್ಜಿಗೂ ಬಂತು.

ಗೌರವಗಳ ಪಟ್ಟಿಯಲ್ಲಿ ಮೈಸೂರು ಇದೆ, ಶ್ರೀರಂಗಪಟ್ಟಣ ಇದೆ, ಅಸ್ಸಾಯೆ ಇದೆ. ನಾನು ಅದರ ಪಕ್ಕದಲ್ಲೇ, ಪಟ್ಟಿಯಲ್ಲಿ ಇಲ್ಲದ ದಿನಗಳನ್ನೂ ಬರೆಯತೊಡಗಿದೆ. 1791ರ ಮಾರ್ಚ್ 6ರಂದು ಬೆಂಗಳೂರಿನ ಹೊರಗೆ ಟಿಪ್ಪುವಿನ ದಂಡಿನ ಬೆನ್ನು ಹತ್ತಿದ ಫ್ಲಾಯ್ಡ್ ಮುಖಕ್ಕೆ ಗುಂಡು ತಗುಲಿ ಬಿದ್ದ. ರಾವುತರು ಹಿಮ್ಮೆಟ್ಟಬೇಕಾಯಿತು. ಮರುದಿನ ಪೇಟೆ, 21ರಂದು ಕೋಟೆ ಇಂಗ್ಲಿಷರ ವಶವಾದದ್ದರಿಂದ ಆ ಸೋಲು ಮರೆಗೆ ಸರಿಯಿತು. 1806ರ ಜುಲೈ 10ರಂದು ವೇಲೂರಿನ ಸಿಪಾಯಿ ದಂಗೆ ಅಡಗಿಸಲು ಆರ್ಕಾಟಿನಿಂದ ತಮ್ಮ ಅಧಿಕಾರಿ ಗಿಲೆಸ್ಪಿಯ ಜೊತೆ ಓಡಿ ಬಂದವರೂ ಇವರೇ. ಅವತ್ತಿನ ರಕ್ತಪಾತವನ್ನು ಓದುವಾಗ ಗೌರವದ ಮಾತು ನನ್ನ ಬಾಯಿಗೆ ಬರುವುದಿಲ್ಲ.

ಧೋಂಡಿಯ ವಾಘನ ಕೊನೆಯನ್ನು ಮಾತ್ರ ನಿಧಾನವಾಗಿ ಬರೆದೆ. ಚನ್ನಗಿರಿಯವನು, ಟಿಪ್ಪು ಸತ್ತ ಮೇಲೆ ಇಂಗ್ಲಿಷರ ವಿರುದ್ಧ ಎದ್ದವನು, ತನ್ನನ್ನು ಉಭಯಲೋಕಾಧೀಶ್ವರ ಎಂದು ಕರೆದುಕೊಂಡವನು. 1800ರ ಸೆಪ್ಟೆಂಬರ್ 10ರಂದು ಕೋನಗಲ್ಲಿನ ಬಳಿ ಇಂಗ್ಲಿಷ್ ದಂಡನಾಯಕ ಆರ್ಥರ್ ವೆಲ್ಲೆಸ್ಲಿ ತನ್ನ ಬಳಿ ಇದ್ದ ನಾಲ್ಕು ಕುದುರೆ ದಳಗಳನ್ನು ಒಂದೇ ಸಾಲಾಗಿ ನಿಲ್ಲಿಸಿ, ತಾನೇ ಮುಂದಾಗಿ ನುಗ್ಗಿದ. ಧೋಂಡಿಯ ಸತ್ತ. ಹೆಣಗಳ ನಡುವೆ ಅವನನ್ನು ಗುರುತಿಸಿ, 19ನೇ ದಳದ ತೋಪಿನ ಗಾಡಿಯ ಮೇಲೆ ಶಿಬಿರಕ್ಕೆ ತಂದರೆಂದು ವೆಲ್ಲೆಸ್ಲಿ, ಆಗ ಕೆನರಾ ಕಲೆಕ್ಟರಾಗಿದ್ದ ಥಾಮಸ್ ಮನ್ರೋಗೆ ಬರೆದಿದ್ದಾನೆ. ಸಾಮಾನು ಸರಂಜಾಮಿನ ನಡುವೆ ಧೋಂಡಿಯನ ಪುಟ್ಟ ಮಗ ಸಲಾಬತ್ ಖಾನ್ ಸಿಕ್ಕ. ಅವನನ್ನು ಸಾಕುವ ಹೊಣೆಯನ್ನು ವೆಲ್ಲೆಸ್ಲಿಯೇ ಹೊತ್ತ.

ಹೆಸರುಗಳಿಗಾಗಿ ನಾನು ನೆಚ್ಚಿಕೊಂಡದ್ದು ಸಂಬಳದ ಹಾಜರಿ ಪಟ್ಟಿಗಳನ್ನು. ಮೂಲ ಪ್ರತಿಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ನಕಲು ತರಿಸಿಕೊಳ್ಳಬಹುದು. ರಾವುತನ ಹೆಸರು, ಎಷ್ಟು ದಿನದ ಸಂಬಳ, ಸತ್ತಿದ್ದರೆ ತಾರೀಖು. ಯುದ್ಧವೇ ಇಲ್ಲದ ತಿಂಗಳುಗಳಲ್ಲೂ ಸಾವುಗಳು ಸಾಲುಸಾಲಾಗಿವೆ. ವಿಜಯದ ವರ್ಣನೆ ಓದುವ ಮೊದಲು ಈ ಪುಟಗಳನ್ನು ಓದಿ ಎಂದು ಕಿರಿಯರಿಗೆ ಹೇಳುತ್ತೇನೆ.

ಆದರೆ ಅದರಲ್ಲಿ ಕುದುರೆಯಾಳಿನ ಹೆಸರಿಲ್ಲ. ಇಲ್ಲಿನ ಪ್ರತಿ ಕುದುರೆಗೂ ಮೈ ಉಜ್ಜಿ ನೋಡಿಕೊಳ್ಳಲು ಒಬ್ಬ, ಹುಲ್ಲು ಕೊಯ್ದು ತರಲು ಒಬ್ಬ ಎಂದು ಇಟ್ಟುಕೊಳ್ಳುವ ರೂಢಿಯಿತ್ತು. ಹುರುಳಿ ಬೇಯಿಸಿ ತಿನ್ನಿಸುತ್ತಿದ್ದವರು ಇವರೇ. ದಂಡಿಗೆ ಕಾಳು ಹೊತ್ತು ತಂದ ಲಂಬಾಣಿ ಎತ್ತಿನ ಸಾಲುಗಳಿಲ್ಲದೆ ವೆಲ್ಲೆಸ್ಲಿಯ ದಂಡಯಾತ್ರೆಗಳು ನಡೆಯುತ್ತಿರಲಿಲ್ಲ. 1791ರ ಮೇ ತಿಂಗಳಲ್ಲಿ ಟಿಪ್ಪು ಸುತ್ತಲ ಮೇವನ್ನು ಸುಡಿಸಿದಾಗ ಶ್ರೀರಂಗಪಟ್ಟಣದ ಮುಂದೆ ಕುದುರೆಗಳು ಸವಾರನನ್ನು ಹೊರಲಾರದಷ್ಟು ಸೊರಗಿದವು, ಎತ್ತುಗಳು ಸತ್ತವು. ದಂಡು ನಡೆಸುತ್ತಿದ್ದ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತನ್ನ ಭಾರಿ ತೋಪುಗಳನ್ನು ತಾನೇ ಒಡೆಸಿ ಹಿಂದಿರುಗಿದ. ಟಿಪ್ಪು ಆ ಸಲ ಗೆದ್ದದ್ದು ಮೇವಿನಿಂದ.

ಹಾಗಾಗಿ ನನ್ನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಕಾಳಗದ ಎದುರಿಗೆ, ಅಂದು ಕುದುರೆಗಳು ಏನು ತಿಂದವು, ಯಾರು ತಂದುಕೊಟ್ಟರು ಎಂದು ಬರೆಯಲು ಒಂದು ಕಾಲಂ ಇದೆ. 1791ರದ್ದು ಮುಕ್ಕಾಲು ತುಂಬಿದೆ. ಈಗ ಹಿಡಿದಿರುವುದು 1800ರದ್ದು, ಮಲಪ್ರಭೆ ದಡದ ಮುನವಳ್ಳಿಯಿಂದ ಕೋನಗಲ್ಲಿನವರೆಗೆ. ಆ ಕಡೆಯ ಲಂಬಾಣಿ ತಾಂಡಾಗಳ ಹಿರಿಯರು ಹಾಡುವ ಹಾಡುಗಳಲ್ಲಿ ಈ ದಂಡಿನ ಸುದ್ದಿ ಇದೆಯೇ ಎಂದು ಕೇಳುವುದು ಮುಂದಿನ ಕೆಲಸ.